ಕೈಗಿಂತ ಮೊದಲು ಬಾಯಿ

ಮೃದಂಗದ ಪಾಠ ಶುರುವಾಗುವುದು ಬಾಯಿಂದ. ‘ತ ಧಿ ತೊಂ ನಂ’ ಎಂಬ ಸೊಲ್ಲು ನಾಲಿಗೆಗೆ ಸಲೀಸಾದ ಮೇಲೆಯೇ ಬೆರಳು ವಾದ್ಯದ ಮೇಲೆ ಬೀಳಬೇಕು. ಕಲಿಯುವಾಗ ಇದು ಗುರುಗಳ ಶಿಸ್ತು ಎಂದಷ್ಟೇ ತಿಳಿದಿದ್ದೆ. ಇದರ ಬೆಲೆ ಗೊತ್ತಾದದ್ದು ಕಳೆದ ವರ್ಷ, ನಮ್ಮ ಬೀದಿಯ ಎಂಟು ವರ್ಷದ ಹುಡುಗನೊಬ್ಬ ಆದಿತಾಳ ಕಲಿಯಲು ಬಂದು ಕೂತಾಗ.

ಮಾತಿನಲ್ಲಿ ಬಲು ಚುರುಕು. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕು. ಎಸೆದ ಚೆಂಡು ಎದೆಗೆ ಬಡಿದು ಬಿದ್ದ ಮೇಲೆ ಕೈಗಳು ಕೂಡುತ್ತಿದ್ದವು. ಶಾಲೆಯಲ್ಲಿ ಅವನಿಗೆ ಸೋಮಾರಿ ಎಂಬ ಹೆಸರು. ಅದು ಸೋಮಾರಿತನವಲ್ಲ, ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಚಿಕ್ಕದಾಗಿ ಡಿಸಿಡಿ. ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇ 5ರಿಂದ 6ರಷ್ಟು ಮಂದಿಗೆ ಇದೆಯೆಂದು ಅಂದಾಜು. ಇಂಥ ಮಕ್ಕಳ ತೊಡಕು ಬುದ್ಧಿಯದಲ್ಲ. ಯಾವ ಚಲನೆ ಯಾವ ಗಳಿಗೆಗೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಹೊಂದಿಸುವುದೇ ಅವರಿಗೆ ಕಷ್ಟ.

ತಾಳವೂ ಅದೇ ಲೆಕ್ಕ. ಪೆಟ್ಟು ಕೇಳಿಸಿದ ಮೇಲೆ ಕೈ ಎತ್ತಿದರೆ ಆಗಲೇ ತಡವಾಯಿತು. ಮೆಟ್ರೊನೋಮ್ ಜೊತೆ ತಟ್ಟುವವರ ಬೆರಳು ಸಾಮಾನ್ಯವಾಗಿ ಸದ್ದಿಗಿಂತ ಹತ್ತಾರು ಮಿಲಿಸೆಕೆಂಡು ಮುಂಚೆಯೇ ಬೀಳುತ್ತದೆ. ಮಿನುಗುವ ದೀಪಕ್ಕಿಂತ ಕಿವಿಗೆ ಬೀಳುವ ಸದ್ದಿಗೆ ಕೈ ಚೆನ್ನಾಗಿ ಹೊಂದುತ್ತದೆ. ಡಿಸಿಡಿ ಇರುವ ಮಕ್ಕಳ ತಟ್ಟು ಮಾತ್ರ ಒಮ್ಮೆ ಹಿಂದೆ, ಒಮ್ಮೆ ಮುಂದೆ.

ನಿಧಾನವಾದರೆ ಸುಲಭವೆಂದು ನಾನು ಮೊದಮೊದಲು ತೀರಾ ವಿಳಂಬದಲ್ಲಿ ಹಾಕಿಸಿದೆ. ಅದೇ ತಪ್ಪಾಯಿತು. ಎರಡು ಎಣಿಕೆಗಳ ನಡುವೆ ಜಾಗ ಹಿಗ್ಗಿದಷ್ಟೂ ಅವನಿಗೆ ದಾರಿ ತಪ್ಪುತ್ತಿತ್ತು. ಬೆರಳೆಣಿಸುತ್ತ ಕಿರುಬೆರಳಿನಿಂದ ಉಂಗುರ ಬೆರಳಿಗೆ ಬರುವಷ್ಟರಲ್ಲಿ ಎಣಿಕೆ ಮರೆಯುತ್ತಿತ್ತು. ಆಮೇಲೆ ಕೈ ಬಿಡಿಸಿ, ಒಂದೊಂದು ಎಣಿಕೆಗೂ ‘ತ ಕ ಧಿ ಮಿ’ ಎಂದು ಬರೀ ಬಾಯಲ್ಲಿ ಹೇಳಿಸಿದೆ. ಖಾಲಿಯಿದ್ದ ಜಾಗ ಸೊಲ್ಲಿನಿಂದ ತುಂಬಿತು. ಮೂರನೇ ವಾರ ಕೈ ಸೇರಿಸಿದಾಗ, ತಾಳದ ಕೊನೆಯ ‘ಹುಸಿ’ಗೆ ಅವನ ಅಂಗೈ ಎಂಟನೇ ಎಣಿಕೆಗೆ ಸರಿಯಾಗಿ ಮೇಲಕ್ಕೆ ಮಗುಚಿತು. ಅವನು ತನ್ನ ಅಂಗೈಯನ್ನೇ ನೋಡುತ್ತ ಕೂತ.

ತಾಳ ಬಂದ ಮಾತ್ರಕ್ಕೆ ಗುಂಡಿ ಬರುವುದಿಲ್ಲ. ಯಾವ ಕೆಲಸ ಬೇಕೋ ಅದನ್ನೇ ಮಾಡಿ ಕಲಿಯಬೇಕೆಂಬುದು ತಜ್ಞರ ಸಲಹೆ. ಆಕ್ಯುಪೇಷನಲ್ ಥೆರಪಿಸ್ಟರ ನೆರವು ಬೇಕೇ ಬೇಕು. ಲಯ ಅದಕ್ಕೆ ಜೊತೆಯಾಗಬಹುದು. ಅವನ ತಾಯಿ ಸೊಲ್ಲನ್ನು ಕೆಲಸಕ್ಕೇ ಜೋಡಿಸಿದರು: ‘ತ’ ಎಂದರೆ ಗುಂಡಿ ಹಿಡಿ, ‘ಕಿ’ ಎಂದರೆ ತೂರಿಸು, ‘ಟ’ ಎಂದರೆ ಎಳೆ. ಕುಂಟೆಬಿಲ್ಲೆಯ ಮನೆಗಳಿಗೂ ಇದೇ ಪಾಠ.

ಕೈ ತಡವರಿಸುವ ಮಗುವಿಗೆ ‘ಬೇಗ, ಬೇಗ’ ಎನ್ನಬೇಡಿ. ನಾಲಿಗೆಗೆ ಒಂದು ಸೊಲ್ಲು ಕೊಟ್ಟು ನೋಡಿ.

ಮೊನ್ನೆ ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಹುಡುಗ ಶಾಲೆಗೆ ಹೊರಡುತ್ತಿದ್ದ. ಮೂರನೇ ಗುಂಡಿ ಜಾರಿತು. ಅಮ್ಮನನ್ನು ಕರೆಯಲಿಲ್ಲ; ಎತ್ತಿಕೊಳ್ಳುವ ಜಾಗ ತಪ್ಪಿದ ವಾದಕನಂತೆ ಒಂದು ಗಳಿಗೆ ತಡೆದು, ಮತ್ತೆ ‘ತ’ದಿಂದ ಹಿಡಿದ.