ಶಾಲೆಯ ಹೆಸರಿನಲ್ಲಿ ಲಾಟರಿ

ಕರ್ನಾಟಕದಲ್ಲಿ ಲಾಟರಿ ನಿಂತದ್ದು 2007ರ ಏಪ್ರಿಲ್ 1ರಂದು, ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ. ಕಾಗದದ ಟಿಕೆಟ್ಟು, ಆನ್‌ಲೈನ್ ಲಾಟರಿ, ಹೊರರಾಜ್ಯಗಳ ಲಾಟರಿ ಎಲ್ಲವೂ ಒಟ್ಟಿಗೆ ಹೋದವು. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಟಿಕೆಟ್ಟುಗಳನ್ನು ತೋರಣದಂತೆ ತೂಗುಹಾಕಿದ್ದ ಗೂಡಂಗಡಿಗಳು ಮೊಬೈಲ್ ರೀಚಾರ್ಜ್ ಅಂಗಡಿಗಳಾದವು. ಆದರೆ ಅಲ್ಲಿಂದ ಇಲ್ಲಿಯವರೆಗೂ ಒಂದು ವಾದ ಆಗಾಗ ತಲೆಯೆತ್ತುತ್ತಲೇ ಇದೆ: ಈ ಸಲ ಖಾಸಗಿ ಏಜೆಂಟರನ್ನು ದೂರವಿಟ್ಟು ಸರಕಾರವೇ ನೇರವಾಗಿ ನಡೆಸಲಿ, ಬಂದ ಲಾಭವನ್ನೆಲ್ಲ ಸರಕಾರಿ ಶಾಲೆಗಳಿಗೇ ಮೀಸಲಿಡಲಿ, ಪಕ್ಕದ ಕೇರಳ ನಡೆಸುತ್ತಿಲ್ಲವೆ?

ಹೀಗೆ ಹೇಳುವವರೆಲ್ಲ ಜೂಜುಕೋರರ ಕಡೆಯವರಲ್ಲ. ಅವರಲ್ಲಿ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳನ್ನು ಕಂಡು ನಿಜವಾಗಿಯೂ ಮರುಗಿದವರಿದ್ದಾರೆ. ಹಾಗಾಗಿ ಈ ವಾದವನ್ನು ಎರಡು ಮಾತಿನಲ್ಲಿ ತಳ್ಳಿಹಾಕುವ ಬದಲು, ಈ ಮೂರು ತಾಲೂಕುಗಳನ್ನೇ ಮುಂದಿಟ್ಟುಕೊಂಡು ಪರೀಕ್ಷಿಸುವುದು ಒಳ್ಳೆಯದು.

2009ರ ಕೊನೆಗೆ ಗುಲಬರ್ಗಾದಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದಾಗ ಇದ್ದದ್ದು ಈ ಮೂರೇ ತಾಲೂಕುಗಳು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 51.83. ರಾಜ್ಯದಲ್ಲೇ ಕೊನೆಯ ಸ್ಥಾನ. ಹೆಣ್ಣುಮಕ್ಕಳದು ಶೇ. 41ರ ಆಸುಪಾಸು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2023ರಲ್ಲೂ 2024ರಲ್ಲೂ ಜಿಲ್ಲೆ ಕೊನೆಯಲ್ಲಿತ್ತು. 2024ರಲ್ಲಂತೂ ಪರೀಕ್ಷೆಗೆ ಕೂತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಫೇಲಾದರು. 2025ರಲ್ಲಿ ಕೊನೆಯ ಸ್ಥಾನ ನೆರೆಯ ಕಲಬುರಗಿಯ ಪಾಲಾಯಿತು ಎಂಬುದರಲ್ಲಿ ನಮಗೆ ಸಮಾಧಾನವೇನೂ ಇಲ್ಲ.

ಈ ಹಿಂದುಳಿಯುವಿಕೆ ಆಕಾಶದಿಂದ ಬಿದ್ದದ್ದಲ್ಲ. 1858ರ ಬಂಡಾಯ ಮುರಿದ ಮೇಲೆ ಬ್ರಿಟಿಷರು ಸುರಪುರ ಸಂಸ್ಥಾನವನ್ನು ನಿಜಾಮರಿಗೆ ಒಪ್ಪಿಸಿದರು. ಮುಂದೆ ಸುಮಾರು ತೊಂಬತ್ತು ವರ್ಷ ಇಲ್ಲಿನ ಕನ್ನಡದ ಮಕ್ಕಳಿಗೆ ತಾಯ್ನುಡಿಯ ಶಾಲೆ ಅಪರೂಪದ ವಸ್ತುವಾಗಿತ್ತು. ಉರ್ದು ನಮ್ಮಲ್ಲಿ ಅನೇಕರ ಮನೆಮಾತು, ಆದರೂ ಇದನ್ನು ಮುಚ್ಚಿಡುವಂತಿಲ್ಲ. ಹಾಗೆಂದು ಉರ್ದು ಬಲ್ಲ ಬಡ ಮುಸ್ಲಿಮನ ಮಗ ಆಗ ಓದಿ ಮುಂದೆ ಬಂದನೆಂದಲ್ಲ. ಅವನೂ ಹೊಲದಲ್ಲೇ ಇದ್ದ. 1956ರ ಏಕೀಕರಣದ ನಂತರವೂ ಕತೆ ಹೆಚ್ಚು ಬದಲಾಗಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕೊಟ್ಟ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಈ ಮೂರೂ ಇದ್ದವು. ಆಮೇಲೆ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂತು. ಅಂದರೆ ಇಲ್ಲಿನ ಶಾಲೆಗೆ ಹಣ ಕೊಡುವುದು ರಾಜ್ಯ ಮಾಡುವ ಉಪಕಾರವಲ್ಲ, ತೀರಿಸಬೇಕಾದ ಸಾಲ ಎಂದು ಸಂವಿಧಾನವೇ ಒಪ್ಪಿಕೊಂಡಂತಾಯಿತು. ಸಾಲ ತೀರಿಸಲು ಸಾಲ ಕೊಟ್ಟವನ ಜೇಬಿಗೇ ಯಾರಾದರೂ ಕೈ ಹಾಕುತ್ತಾರೆಯೆ? ಲಾಟರಿಯ ಯೋಜನೆ ಮಾಡುವುದು ಅದನ್ನೇ.

ಲೆಕ್ಕ ನೋಡೋಣ. ಲಾಟರಿಯಲ್ಲಿ ಸಂಗ್ರಹವಾದ ಹಣದ ದೊಡ್ಡ ಪಾಲು ಬಹುಮಾನಕ್ಕೆ ಹೋಗುತ್ತದೆ. ಏಜೆಂಟರ ಕಮಿಷನ್, ಮುದ್ರಣ, ಜಾಹೀರಾತು ಬೇರೆ. ಮೇಲೆ ಜಿಎಸ್‌ಟಿ, ಅದು 2025ರ ಸೆಪ್ಟೆಂಬರ್ 22ರಿಂದ ಶೇ. 40. ಇದೆಲ್ಲ ಕಳೆದು ನೂರಕ್ಕೆ ಹತ್ತು ರೂಪಾಯಿ ಉಳಿಯುತ್ತದೆಂದು ಇಟ್ಟುಕೊಳ್ಳಿ. ಆಗ ಶಾಲೆಗೆ ಹತ್ತು ರೂಪಾಯಿ ಕೊಡಲು ಜನರಿಂದ ನೂರು ರೂಪಾಯಿ ಎತ್ತಬೇಕು. ತೆರಿಗೆಯೂ ಸರಕಾರಕ್ಕೇ ತಾನೆ ಸೇರುವುದು ಎನ್ನಬಹುದು, ಆದರೆ ಅದರಲ್ಲಿ ಅರ್ಧ ದೆಹಲಿಗೆ. ಬಹುಮಾನದ ಹಣ ಜನರಿಗೇ ಮರಳುತ್ತದೆ ಎಂದೂ ಹೇಳಬಹುದು. ಸಾವಿರಾರು ಜನರ ಕಿಸೆಯಿಂದ ಹೊರಟು ಒಬ್ಬನ ಕಿಸೆಗೆ ಮರಳುವುದನ್ನು 'ಜನರಿಗೆ ಮರಳುವುದು' ಎಂದು ಕರೆಯುವುದಾದರೆ ಸರಿ. 2024ರ ಕೇರಳದ ಓಣಂ ಬಂಪರ್‌ನ 25 ಕೋಟಿ ಕರ್ನಾಟಕದವರೊಬ್ಬರಿಗೆ ಬಂದಾಗ ಎಲ್ಲ ವಾಹಿನಿಗಳೂ ಅವರ ಮನೆ ಮುಂದೆ ನಿಂತವು. ಅದೇ ಓಣಂಗೆ ಟಿಕೆಟ್ ಕೊಂಡು ಸೋತ ಲಕ್ಷಾಂತರ ಜನರ ಮನೆಗೆ ಯಾವ ಕ್ಯಾಮೆರಾವೂ ಹೋಗಲಿಲ್ಲ.

ಟಿಕೆಟ್ ಕೊಳ್ಳುವವನು ಯಾರು? ಬಂಗಲೆ ಇರುವವನು ಹತ್ತು ಲಕ್ಷದ ಕನಸಿಗಾಗಿ ಸಾಲಿನಲ್ಲಿ ನಿಲ್ಲುವುದಿಲ್ಲ. ಅವನಿಗೆ ಷೇರುಪೇಟೆ ಇದೆ. ದುಡಿಮೆಯಿಂದ ಎಂದೂ ಸಾಲ ತೀರದು ಎಂದು ಖಚಿತವಾದವನೇ ಅದೃಷ್ಟದ ಕಡೆ ನೋಡುತ್ತಾನೆ. ಅಂಥವರು ನಮ್ಮಲ್ಲಿ ಹೆಚ್ಚು. ನಾರಾಯಣಪುರದ ಕಾಲುವೆಯ ನೀರು ಕಂಡ ಹೊಲದಲ್ಲಿ ಹತ್ತಿ ಬಿಡಿಸುವವರು, ನೀರು ಕಾಣದ ಊರುಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವವರು. ಅವನ ಮಗಳ ಶಾಲೆಗೆ ಕೋಣೆ ಕಟ್ಟಲು ಅವನ ಕೂಲಿಯನ್ನೇ ಕೇಳುವುದು, ಅದನ್ನೂ ನೇರವಾಗಿ ಕೇಳದೆ ಕೋಟಿಯ ಆಸೆ ತೋರಿಸಿ ಕೇಳುವುದು ಎಂಥ ನ್ಯಾಯ?

ಕೇರಳದ ವಿಷಯದಲ್ಲಿ ಅನ್ಯಾಯದ ಮಾತು ಆಡಬಾರದು. ದೇಶದಲ್ಲಿ ಮೊದಲು ಸರಕಾರಿ ಲಾಟರಿ ಇಲಾಖೆ ಕಂಡದ್ದು ಆ ರಾಜ್ಯ, 1967ರಲ್ಲಿ, ಹಣಕಾಸು ಸಚಿವ ಪಿ.ಕೆ. ಕುಂಜು ಅವರ ಕಾಲದಲ್ಲಿ. ಒಂದು ರೂಪಾಯಿಯ ಟಿಕೆಟ್, ಐವತ್ತು ಸಾವಿರದ ಮೊದಲ ಬಹುಮಾನ, 1968ರ ಗಣರಾಜ್ಯೋತ್ಸವದಂದು ಮೊದಲ ಡ್ರಾ. ನಮ್ಮಲ್ಲಿದ್ದ ಗಲೀಜು ಅಲ್ಲಿ ಕಡಿಮೆ. ಟಿಕೆಟ್ ಮಾರಿ ಬದುಕುವವರಲ್ಲಿ ಅಂಗವಿಕಲರು, ವಯಸ್ಸಾದವರು ಬಹಳ. ಕೆ.ಎಂ. ಮಾಣಿಯವರ ಕಾಲದಲ್ಲಿ ಆರಂಭವಾದ ಕಾರುಣ್ಯ ಲಾಟರಿಯಿಂದ ಎಷ್ಟೋ ಬಡ ರೋಗಿಗಳಿಗೆ ಚಿಕಿತ್ಸೆ ದೊರೆತದ್ದು ಸುಳ್ಳಲ್ಲ. ಆದರೆ ಕೇರಳ ಓದಿದ್ದು ಲಾಟರಿಯಿಂದ ಅಲ್ಲ. 1817ರಲ್ಲೇ ತಿರುವಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿ ಪ್ರಜೆಗಳ ಶಿಕ್ಷಣದ ಪೂರ್ತಿ ವೆಚ್ಚವನ್ನು ರಾಜ್ಯವೇ ಹೊರಬೇಕೆಂದು ಆಜ್ಞೆ ಹೊರಡಿಸಿದ್ದರು. (ಅದೇ 1817ರಲ್ಲಿ ಕಲ್ಕತ್ತೆಯಲ್ಲಿ ಕಂಪನಿ ಸರಕಾರ ರಸ್ತೆ, ಕೆರೆಗಳಿಗೆ ಹಣ ಹೊಂದಿಸಲು ಲಾಟರಿ ಕಮಿಟಿ ಮಾಡಿತ್ತು. ಇಬ್ಬರ ಆದ್ಯತೆಗಳನ್ನು ಓದುಗರೇ ಹೋಲಿಸಿಕೊಳ್ಳಲಿ.) ಆಮೇಲೆ ಮಿಶನರಿಗಳು, ನಾರಾಯಣ ಗುರುಗಳ ಚಳವಳಿ, ಗ್ರಂಥಾಲಯ ಚಳವಳಿ ಎಲ್ಲವೂ ಸೇರಿ ಕೆಲಸ ಮಾಡಿದವು. ಲಾಟರಿ ಬರುವ ಹೊತ್ತಿಗೆ ಕೇರಳ ಓದಿ ಮುಗಿಸಿತ್ತು. ಯಾದಗಿರಿ ಇನ್ನೂ ಓದಲು ಕೂರಬೇಕು.

'ದಾನಕ್ಕಾಗಿ ಜೂಜು' ಎಂಬುದು ಹೊಸ ಉಪಾಯವೂ ಅಲ್ಲ. ಇಸ್ಲಾಮಿಗೆ ಮುಂಚಿನ ಅರಬರಲ್ಲಿ 'ಮೈಸಿರ್' ಎಂಬ ಆಟವಿತ್ತು. ಬರಗಾಲದ ಚಳಿಯಲ್ಲಿ ಒಂಟೆ ಕೊಯ್ದು, ಮಾಂಸದ ಪಾಲುಗಳಿಗೆ ಬಾಣಗಳಿಂದ ಚೀಟಿ ಎತ್ತುತ್ತಿದ್ದರು. ಸೋತವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ತಮ್ಮ ಪಾಲನ್ನು ತಾವು ತಿನ್ನದೆ ಬಡವರಿಗೆ ಹಂಚಿಬಿಡುತ್ತಿದ್ದರು ಎಂದು ಕುರ್‌ಆನ್ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಈ ಆಟಕ್ಕೆ ಬಾರದವನನ್ನು ಜಿಪುಣನೆಂದು ಹೀಯಾಳಿಸುತ್ತಿದ್ದರಂತೆ. ಅಂದರೆ ಅದು ಶುದ್ಧ ಸಹಾಯಾರ್ಥ ಲಾಟರಿ. ಕುರ್‌ಆನ್ ಮದ್ಯ ಮತ್ತು ಜೂಜನ್ನು ಒಟ್ಟಿಗೆ ಪ್ರಸ್ತಾಪಿಸುವಾಗ ಅವುಗಳಲ್ಲಿ ಜನರಿಗೆ ಲಾಭವೇ ಇಲ್ಲ ಎಂದು ಹೇಳುವುದಿಲ್ಲ. ಲಾಭ ಉಂಟು, ಆದರೆ ಕೇಡು ಅದಕ್ಕಿಂತ ದೊಡ್ಡದು ಎಂಬುದು ಅಲ್ಲಿನ ತೀರ್ಮಾನ. ಎದುರು ಪಕ್ಷದ ವಾದವನ್ನು ಪೂರ್ತಿ ಕೇಳಿ, ಒಪ್ಪಬೇಕಾದ್ದನ್ನು ಒಪ್ಪಿ ಕೊಟ್ಟ ತೀರ್ಪು ಅದು. ಬಡವನಿಗೆ ಮಾಂಸ ಸಿಗುತ್ತಿತ್ತು ಎಂಬುದು ಗೊತ್ತಿದ್ದೇ ಆ ಬಾಗಿಲನ್ನು ಮುಚ್ಚಲಾಯಿತು. ಅದರ ಬದಲಿಗೆ ಝಕಾತ್ ಬಂತು. ಅದರಲ್ಲಿ ಆಟವಿಲ್ಲ, ಇದ್ದವನು ಲೆಕ್ಕ ಹಾಕಿ ಕೊಡಬೇಕು.

ಇದು ಮುಸ್ಲಿಮರ ಮಡಿವಂತಿಕೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಜೂಜಿನಲ್ಲಿ ರಾಜ್ಯ ಸೋತ ಧರ್ಮರಾಯನ ಕತೆ ಗೊತ್ತಿಲ್ಲದ ಕನ್ನಡಿಗನಿಲ್ಲ. ಬೆಂಗಳೂರಿನಿಂದ ಹೊರಡುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಪತ್ರಿಕೆಯ ಬಹುಮಾನ ಸ್ಪರ್ಧೆಗಳ ಮೊಕದ್ದಮೆ 1957ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, ನ್ಯಾಯಾಲಯ ಋಗ್ವೇದದಿಂದ ಸ್ಮೃತಿಗಳವರೆಗೆ ಜೂಜಿನ ನಿಂದನೆಯನ್ನು ನೆನಪಿಸಿ, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ ಎಂದಿತು. 1999ರಲ್ಲಿ ಲಾಟರಿ ಕಾಯ್ದೆಯ ಬಗ್ಗೆ ತೀರ್ಪು ಕೊಡುವಾಗ, ಸರಕಾರವೇ ನಡೆಸಿದರೂ ಲಾಟರಿ ಜೂಜಾಗಿಯೇ ಉಳಿಯುತ್ತದೆ ಎಂದೂ ಹೇಳಿತು. ಇಲ್ಲಿ ನಮ್ಮವರಿಗೂ ಒಂದು ಮಾತು. ಶಾಲೆಯ ವಾರ್ಷಿಕೋತ್ಸವಕ್ಕೆ, ಸಂಘದ ಕಟ್ಟಡಕ್ಕೆ ಎಂದು ಸ್ಕೂಟರ್ ಚಿತ್ರ ಹಾಕಿ 'ಲಕ್ಕಿ ಡಿಪ್' ಕೂಪನ್ ಮಾರುವ ರೂಢಿ ಎಲ್ಲ ಸಮುದಾಯಗಳಲ್ಲೂ ಇದೆ, ನಮ್ಮದರಲ್ಲೂ ಇದೆ. ಸರಕಾರದ ಲಾಟರಿಯನ್ನು ಬೈದು ಮನೆಯಲ್ಲಿ ಕೂಪನ್ ಹಂಚಿದರೆ ನಗುವವರು ನಗುತ್ತಾರೆ.

ಇನ್ನೊಂದು ವಾದ ಹೆಚ್ಚು ಗಟ್ಟಿಯಾದದ್ದು. ಜನ ಹೇಗೂ ಮಟ್ಕಾ ಆಡುತ್ತಾರೆ, ಐಪಿಎಲ್ ಬಂದರೆ ಬೆಟ್ಟಿಂಗ್ ಕಟ್ಟುತ್ತಾರೆ, ಆ ಹಣ ಬುಕ್ಕಿಗಳ ಪಾಲಾಗುವ ಬದಲು ಶಾಲೆಗೆ ಬರಲಿ ಎಂಬುದು. ಕೇಳಲು ಸರಿ. ಆದರೆ 2007ಕ್ಕೆ ಮುಂಚೆ ಸರಕಾರದ ಲಾಟರಿ ಇದ್ದಾಗ ಮಟ್ಕಾ ಸತ್ತಿತ್ತೆ? ಎರಡೂ ಒಂದೇ ಬೀದಿಯಲ್ಲಿ ಸುಖವಾಗಿದ್ದವು. ಕೇರಳದಲ್ಲಿ ಸರಕಾರಿ ಲಾಟರಿಯ ಫಲಿತಾಂಶದ ಕೊನೆಯ ಮೂರು ಅಂಕಿಗಳ ಮೇಲೆಯೇ ಕಳ್ಳ ಜೂಜು ನಡೆಯುತ್ತದೆ, ಪೊಲೀಸರು ಹಿಡಿಯುತ್ತಲೇ ಇರುತ್ತಾರೆ. ಸರಕಾರ ಬುಕ್ಕಿಯ ಗಿರಾಕಿಯನ್ನು ಕಸಿಯುವುದಿಲ್ಲ, ಅವನಿಗೆ ದಿನಾ ಒಂದು ನಂಬರು ಒದಗಿಸುತ್ತದೆ ಅಷ್ಟೆ. ನಿನ್ನೆಯವರೆಗೆ ಆಡದಿದ್ದವನಿಗೂ ಸರಕಾರದ ಮುದ್ರೆ ಕಂಡಾಗ ಇದು ಮರ್ಯಾದೆಯ ಕೆಲಸವೆನಿಸುತ್ತದೆ, ಶಾಲೆಯ ಹೆಸರಿದ್ದರಂತೂ ಪುಣ್ಯದ ಕೆಲಸವೇ ಆಗಿಬಿಡುತ್ತದೆ.

ಆ ಹಣ ಶಾಲೆಗೆ ಸೇರುವುದು ಕೂಡ ನಂಬುವಷ್ಟು ಸುಲಭವಲ್ಲ. ಕ್ಯಾಲಿಫೋರ್ನಿಯಾದಲ್ಲಿ 1984ರಲ್ಲಿ ಶಿಕ್ಷಣದ ಹೆಸರಿನಲ್ಲೇ ಜನರ ಮತ ಪಡೆದು ಲಾಟರಿ ತಂದರು. ಅಲ್ಲಿನ ಶಾಲೆಗಳ ಒಟ್ಟು ಹಣದಲ್ಲಿ ಅದರ ಪಾಲು ಶೇ. 1ರ ಸುತ್ತಮುತ್ತ ಮಾತ್ರ. ಫ್ಲೋರಿಡಾದಲ್ಲಿ ಎದ್ದ ದೂರು ಇನ್ನೂ ಬೇರೆ: ಲಾಟರಿಯ ದುಡ್ಡು ಒಂದು ಕೈಯಿಂದ ಬಂದಂತೆ ಬಜೆಟ್ಟಿನ ದುಡ್ಡು ಇನ್ನೊಂದು ಕೈಯಿಂದ ಜಾರಿತು ಎಂಬುದು. ನಮ್ಮ ಹಣಕಾಸು ಇಲಾಖೆಗೆ ಈ ಕೈಚಳಕ ಯಾರೂ ಕಲಿಸಬೇಕಾಗಿಲ್ಲ. 'ಶಾಲೆಗಳಿಗೆ ಲಾಟರಿ ನಿಧಿ ಇದೆಯಲ್ಲ' ಎಂಬ ಒಂದು ಷರಾ ಸಾಕು.

ಇದೇ ಸಂಕಟ ನಮ್ಮ ದೇಶಕ್ಕೆ ಒಮ್ಮೆ ಬಂದಿತ್ತು. 1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಸರಕಾರಗಳು ಬಂದಾಗ ಶಿಕ್ಷಣಕ್ಕೆ ಆಸರೆಯಾಗಿದ್ದ ಹಣ ಹೆಂಡದ ಸುಂಕದ್ದು. ಪಾನನಿರೋಧ ಬೇಕಾದರೆ ಶಾಲೆಗೆ ಹಣವಿಲ್ಲ, ಶಾಲೆ ಬೇಕಾದರೆ ಹೆಂಡ ಬೇಕು. ಗಾಂಧೀಜಿ ಈ ಕ್ರೂರ ವ್ಯಂಗ್ಯವನ್ನು ಎತ್ತಿ ತೋರಿಸಿದರು, ಹೆಂಡದ ಹಣದಿಂದ ಮಕ್ಕಳಿಗೆ ಅಕ್ಷರ ಕಲಿಸುವುದನ್ನು ಒಪ್ಪಲಿಲ್ಲ. ಆ ವರ್ಷ ವಾರ್ಧಾದಲ್ಲಿ ಸೇರಿದ ಸಮ್ಮೇಳನ ಹೊಸ ಶಿಕ್ಷಣದ ರೂಪುರೇಷೆ ತಯಾರಿಸಲು ಡಾ. ಝಾಕಿರ್ ಹುಸೇನರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಅವರು ಕೊಟ್ಟ ಪರಿಹಾರ, ಅಂದರೆ ಮಕ್ಕಳ ಕೈಕಸುಬಿನಿಂದಲೇ ಶಾಲೆ ನಡೆಯಲಿ ಎಂಬುದು, ನಿಲ್ಲಲಿಲ್ಲ. ಆದರೆ ಹಣ ಎಲ್ಲಿಂದ ಬರುತ್ತದೆ ಎಂಬುದೂ ಶಿಕ್ಷಣದ ಪ್ರಶ್ನೆಯೇ ಎಂದು ಆ ತಲೆಮಾರಿಗೆ ಗೊತ್ತಿತ್ತು. ಇಂದು? ಲಾಟರಿ ನಿಂತ ವರ್ಷವೇ, 2007ರ ಜುಲೈಯಲ್ಲಿ, ಸಾರಾಯಿಯನ್ನೂ ನಿಷೇಧಿಸಿದ ಇದೇ ರಾಜ್ಯ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿತು. ಹೆಂಡದ ಚಟ ಖಜಾನೆಗೆ ಆಗಲೇ ಹತ್ತಿದೆ. ಅದಕ್ಕೆ ಜೊತೆಯಾಗಿ ಇನ್ನೊಂದನ್ನು ಹಚ್ಚುವುದು ಯಾಕೆ?

ದಾನ ಬೇಡವೆಂದು ಯಾರೂ ಹೇಳುತ್ತಿಲ್ಲ. 1472ರಲ್ಲಿ ಬೀದರಿನಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಗೋಡೆಗಳು ಇಂದಿಗೂ ನಿಂತಿವೆ. ನಮ್ಮ ಕಾಲದಲ್ಲೇ ಸುರಪುರ ತಾಲೂಕಿನ ಸರಕಾರಿ ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಗಟ್ಟಲೆ ಶಿಕ್ಷಕರ ಜೊತೆ ಕೆಲಸ ಮಾಡಿತು. 2024ರಿಂದ ಮಕ್ಕಳ ಬಿಸಿಯೂಟದ ಮೊಟ್ಟೆಗೂ ಆ ಸಂಸ್ಥೆಯ ಹಣ ಸೇರಿದೆ. ಇಲ್ಲಿ ಕೊಡುವವನು ತನ್ನ ಗಂಟನ್ನು ಬಿಚ್ಚಿ ಕೊಡುತ್ತಾನೆ, ಪ್ರತಿಯಾಗಿ ಬಂಪರ್ ಕೇಳುವುದಿಲ್ಲ. ಟಿಕೆಟ್ ಕೊಳ್ಳುವವನ ನಿಯ್ಯತ್ತಿನಲ್ಲಿ ಶಾಲೆ ಇಲ್ಲ, ಮೊದಲ ಬಹುಮಾನ ಇದೆ. ಅದನ್ನು ದಾನವೆಂದು ಕರೆಯುವುದು ಅವನಿಗೂ ಅವಮಾನ, ದಾನಕ್ಕೂ ಅವಮಾನ. ಅಷ್ಟಾಗಿಯೂ ನಿಜವಾದ ದಾನವೂ ಶಾಲೆಗೆ ಮೇಲೋಗರ ಮಾತ್ರ. ಅನ್ನ ಬಡಿಸಬೇಕಾದ್ದು ಸರಕಾರ. 2010ರ ಏಪ್ರಿಲ್‌ನಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಗಿದೆ. ಹಕ್ಕನ್ನು ಚೀಟಿ ಎತ್ತಿ ಕೊಡಲು ಬರುವುದಿಲ್ಲ.

ಹಾಗಿದ್ದರೆ ಹಣ? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರಿಂದ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸುತ್ತ ಬಂದಿದ್ದಾರೆ. ಕೋಣೆಗಳು ಕಟ್ಟಿಸಿಕೊಳ್ಳುತ್ತಿವೆ, ಬಣ್ಣವೂ ಬರುತ್ತಿದೆ. ಕೋಣೆಯೊಳಗೆ ನಿಲ್ಲಬೇಕಾದ ಕಾಯಂ ಶಿಕ್ಷಕನಿಲ್ಲದೆ, ತಿಂಗಳುಗಟ್ಟಲೆ ಗೌರವಧನ ಕಾಯುವ ಅತಿಥಿ ಶಿಕ್ಷಕನ ಮೇಲೆ ಗಣಿತ, ವಿಜ್ಞಾನ, ಇಂಗ್ಲಿಷು ಮೂರನ್ನೂ ಹೊರಿಸಿದ ಶಾಲೆಗಳು ಕನ್ನಡದಲ್ಲೂ ಇವೆ, ಉರ್ದುವಿನಲ್ಲೂ ಇವೆ. ಇದಕ್ಕೆ ಬೇಕಾದದ್ದು ನೇಮಕಾತಿ ಆದೇಶ, ಬಂದವರು ವರ್ಷದೊಳಗೆ ದಕ್ಷಿಣಕ್ಕೆ ವರ್ಗ ಮಾಡಿಸಿಕೊಂಡು ಹೋಗದಂತೆ ತಡೆಯುವ ಧೈರ್ಯ, ಮತ್ತೆ ಹತ್ತಿ ಬಿಡಿಸುವ ಹಂಗಾಮು ಶುರುವಾಗುವ ಮೊದಲೇ, ತಂದೆತಾಯಿ ಗುಳೆ ಹೋಗುವ ಮನೆಗಳ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಹಂಗಾಮಿ ಹಾಸ್ಟೆಲ್ಲು. ಮುಂದಿನ ಬಜೆಟ್ಟಿಗೆ ಮುನ್ನ ಈ ಮೂರು ತಾಲೂಕುಗಳ ಶಾಸಕರನ್ನು ಕಂಡು ಕೇಳಬೇಕಾದ್ದು ಇವನ್ನು.