ಮನೆಗೆ ಮರಳಿದವನ ಸುಳ್ಳು

ಯುದ್ಧದ ಕಥೆಯೆಂದರೆ ರಣರಂಗ, ಗುಂಡಿನ ಸದ್ದು, ರಕ್ತ ಎಂದೇ ನಮ್ಮ ಕಲ್ಪನೆ. ಅರ್ನೆಸ್ಟ್ ಹೆಮಿಂಗ್ವೇಯ 'ಸೋಲ್ಜರ್ಸ್ ಹೋಮ್' ಕಥೆಯಲ್ಲಿ ಇವು ಯಾವುವೂ ಇಲ್ಲ. 1925ರ 'ಇನ್ ಅವರ್ ಟೈಮ್' ಸಂಕಲನದ ಈ ಕಥೆ ಯುದ್ಧ ಮುಗಿದ ಮೇಲೆ ಆರಂಭವಾಗುತ್ತದೆ. 1918ರಲ್ಲಿ ಇಟಲಿಯ ರಣರಂಗದಲ್ಲಿ, ಇನ್ನೂ 19 ತುಂಬುವ ಮೊದಲೇ ಗಾಯಗೊಂಡಿದ್ದ ಹೆಮಿಂಗ್ವೇಗೆ ಊರಿಗೆ ಮರಳುವುದರ ಕಷ್ಟ ತಿಳಿದಿತ್ತು.

ಕಥಾನಾಯಕ ಕ್ರೆಬ್ಸ್ 1919ರ ಬೇಸಿಗೆಯಲ್ಲಿ ಒಕ್ಲಹಾಮಾದ ತನ್ನ ಊರಿಗೆ ಬರುತ್ತಾನೆ. ಅಷ್ಟರಲ್ಲಿ ಸ್ವಾಗತ, ಸಂಭ್ರಮಗಳೆಲ್ಲ ಮುಗಿದಿವೆ. ಮೊದಲು ಅವನಿಗೆ ಮಾತು ಬೇಡವಾಗಿತ್ತು, ಬೇಕೆನಿಸಿದಾಗ ಕೇಳುವವರಿಲ್ಲ. ಭಯಂಕರ ಕಥೆಗಳನ್ನು ಕೇಳಿ ಕೇಳಿ ರುಚಿ ಹತ್ತಿದ ಊರಿಗೆ ನಿಜ ಸಪ್ಪೆ. ಹೀಗಾಗಿ ಅವನು ಸುಳ್ಳು ಹೇಳುತ್ತಾನೆ. ದೊಡ್ಡ ಸುಳ್ಳುಗಳೇನಲ್ಲ, ಇತರರು ಕಂಡದ್ದನ್ನು ತಾನೇ ಕಂಡಂತೆ ಹೇಳುವುದು, ಅಷ್ಟೇ. ಆದರೆ ಆ ಸಣ್ಣ ಸುಳ್ಳುಗಳು ಅವನ ನಿಜವಾದ ನೆನಪುಗಳನ್ನೂ ನುಂಗಿಬಿಡುತ್ತವೆ.

ಯುದ್ಧ ಅವನ ಭಾವನೆಗಳನ್ನು ಸುಟ್ಟಿತು ಎಂದು ಹಲವರು ಈ ಕಥೆಯನ್ನು ಓದುತ್ತಾರೆ. ಈ ಓದು ಅನುಕೂಲಕರವಾದದ್ದು. ಅದು ಎಲ್ಲ ತಪ್ಪನ್ನೂ ಯುದ್ಧದ ಮೇಲೆ ಹೊರಿಸಿ ಊರನ್ನು ಬಿಟ್ಟುಬಿಡುತ್ತದೆ. ಬೆಳಗಿನ ತಿಂಡಿಯ ದೃಶ್ಯವನ್ನು ಗಮನಿಸಿ. ತಟ್ಟೆಯಲ್ಲಿ ಮಾಂಸದ ಕೊಬ್ಬು ಹೆಪ್ಪುಗಟ್ಟುತ್ತಿದೆ. ತಾಯಿ ಕೆಲಸದ ಬಗ್ಗೆ, ದೇವರ ಬಗ್ಗೆ ಮಾತಾಡಿ, ನಿನಗೆ ನನ್ನ ಮೇಲೆ ಪ್ರೀತಿ ಇಲ್ಲವೇ ಎನ್ನುತ್ತಾಳೆ. ಇಲ್ಲ ಎನ್ನುತ್ತಾನೆ ಮಗ. ಯಾರ ಮೇಲೂ ಇಲ್ಲ. ಅವಳು ಅಳತೊಡಗಿದಾಗ ಆ ಮಾತನ್ನು ಹಿಂದಕ್ಕೆ ಪಡೆಯುತ್ತಾನೆ. ಆ ಮನೆಯಲ್ಲಿ ಅವನಾಡಿದ ಒಂದೇ ಒಂದು ನಿಜಕ್ಕೂ ಉಳಿಗಾಲವಿಲ್ಲ. ಅವನಿಂದ ಸುಳ್ಳು ಹೇಳಿಸುವುದು ಬಲಾತ್ಕಾರವಲ್ಲ, ತಾಯಿಯ ಕಣ್ಣೀರು. ಕಥೆಯ ಕ್ರೌರ್ಯ ಇರುವುದು ಇಲ್ಲಿ.

ಸ್ಕಾಟ್ ಫಿಟ್ಜೆರಾಲ್ಡ್‌ನ 'ಮೇ ಡೇ' (1920) ಇದರ ಇನ್ನೊಂದು ಮುಖ. 1919ರ ಮೇ 1ರಂದು ನ್ಯೂಯಾರ್ಕ್‌ನಲ್ಲಿ ಸಮಾಜವಾದಿ ಪತ್ರಿಕೆ 'ದಿ ಕಾಲ್' ಕಚೇರಿಯ ಮೇಲೆ ನಿಜವಾಗಿಯೂ ದಾಳಿ ನಡೆದಿತ್ತು. ಕಥೆಯಲ್ಲಿ ಸೈನ್ಯದಿಂದ ಬಿಡುಗಡೆಯಾದ ಇಬ್ಬರು ಬಡ ಸೈನಿಕರು ಅಂಥದೇ ಗುಂಪಿನೊಳಗೆ ಸೇರುತ್ತಾರೆ. ಅವರಲ್ಲೊಬ್ಬ ಕಿಟಕಿಯಿಂದ ಬಿದ್ದು ಸಾಯುತ್ತಾನೆ. ಕ್ರೆಬ್ಸ್ ತನ್ನೊಳಗೇ ಮುದುಡಿದರೆ ಇವರು ಗುಂಪಿನ ದ್ವೇಷದಲ್ಲಿ ಕರಗುತ್ತಾರೆ. ಆದರೆ ಫಿಟ್ಜೆರಾಲ್ಡ್ ಇವರನ್ನು ನೋಡುವ ನೋಟದಲ್ಲಿ ಮೇಲ್ವರ್ಗದ ತಾತ್ಸಾರವಿದೆ.

ಎರಡೂ ಕಥೆಗಳಿಗೆ ಕಾಣದ್ದೂ ಒಂದಿದೆ. ಅದೇ 1919ರಲ್ಲಿ, ಅದೇ ಯುದ್ಧದಿಂದ ಮರಳಿದ ಕಪ್ಪು ಸೈನಿಕರು ಅಮೆರಿಕದ ಹಲವೆಡೆ ಬಿಳಿಯರ ಗುಂಪುಗಳ ಹಿಂಸೆಗೆ ಗುರಿಯಾದರು. ಕ್ರೆಬ್ಸ್‌ಗೆ ತಪ್ಪಿದ್ದು ಸ್ವಾಗತ. ಅವರಿಗೆ ಜೀವಕ್ಕೇ ಭದ್ರತೆ ಇರಲಿಲ್ಲ. ಭ್ರಮನಿರಸನವಾಗಲು ಮೊದಲು ಭ್ರಮೆಯಾದರೂ ಇರಬೇಕಲ್ಲವೇ?

ಈ ಮಿತಿಯನ್ನು ಒಪ್ಪಿಯೂ ಕ್ರೆಬ್ಸ್‌ನ ಕಥೆ ಇಂದಿಗೂ ಕಾಡುತ್ತದೆ. ಸೈನಿಕನಿಗೆ ಹಾರ ಹಾಕುವ ಸಮಾಜ ಅವನ ಮಾತು ಕೇಳಲು ಸಿದ್ಧವಿದೆಯೇ ಎಂಬ ಅದರ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ.