ಸಿಂಹಮುಖ, ವ್ಯಾಘ್ರಪಾದ: ಮಿಶ್ರದೇಹದ ಬೆಸುಗೆಯ ಪ್ರಶ್ನೆ

ಸಿಂಹ, ಹುಲಿ ಮೊದಲಾದ ಮಾರ್ಜಾಲ ವರ್ಗದ ಪ್ರಾಣಿಗಳ ಅಂಗಗಳನ್ನು ಮನುಷ್ಯದೇಹಕ್ಕೆ ಬೆಸೆದ ರೂಪಗಳು ದಕ್ಷಿಣ ಭಾರತದ ಪುರಾಣ, ಶಿಲ್ಪ ಮತ್ತು ಜನಪದ ಕಲೆಗಳಲ್ಲಿ ಹೇರಳವಾಗಿವೆ. ನರಸಿಂಹ, ವ್ಯಾಘ್ರಪಾದ, ಪುರುಷಾಮೃಗ ಹಾಗೂ ಕರಾವಳಿಯ ಹುಲಿವೇಷ ಇವುಗಳಲ್ಲಿ ಮುಖ್ಯವಾದವು. ಇವುಗಳನ್ನು ಕುರಿತ ವಿವರಣೆಗಳು ಬಹುಮಟ್ಟಿಗೆ ‘ಅರ್ಧ ಮಾನವ, ಅರ್ಧ ಮೃಗ’ ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತವೆ. ಯಾವ ಅರ್ಧ ಮೃಗದ್ದು, ಎರಡು ದೇಹಗಳು ಕೂಡುವ ಬೆಸುಗೆ ಎಲ್ಲಿದೆ, ಅದು ಅಲ್ಲಿಯೇ ಏಕೆ ಇದೆ ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಮಿಶ್ರದೇಹದ ಅರ್ಥವಿರುವುದು ಮೃಗದ ಮುಖದಲ್ಲಿ ಮಾತ್ರವಲ್ಲ, ಆ ಬೆಸುಗೆಯ ಸ್ಥಾನದಲ್ಲಿ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆಯನ್ನು ಕೋಲಾರ ಸೀಮೆಯಿಂದ ಆರಂಭಿಸುವುದಕ್ಕೆ ಕಾರಣವಿದೆ. ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನಲ್ಲಿ, ಮೂರು ಕಿಲೋಮೀಟರಿಗೂ ಮೀರಿದ ಆಳದ ಗಣಿಯ ಸುತ್ತ ಬೆಳೆದ ವಸತಿಗಳಲ್ಲಿ, ನೆಲೆಸಿದ ಕಾರ್ಮಿಕ ಕುಟುಂಬಗಳಲ್ಲಿ ಹೆಚ್ಚಿನವು ಉತ್ತರ ಆರ್ಕಾಟ್ ಮೊದಲಾದ ತಮಿಳು ಜಿಲ್ಲೆಗಳಿಂದ ಬಂದವು. ಕೋಲಾರಕ್ಕೆ ತಮಿಳಿನ ನಂಟು ಗಣಿಯಿಂದ ಬಂದದ್ದಲ್ಲ. ಕೋಲಾರಮ್ಮನ ಗುಡಿಯಲ್ಲಿರುವ ಚೋಳರ ಕಾಲದ ತಮಿಳು ಶಾಸನಗಳು ಅದಕ್ಕಿಂತ ಎಷ್ಟೋ ಹಳೆಯವು. ಇದೇ ಜಿಲ್ಲೆಯ ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಹದಿನೈದನೆಯ ಶತಮಾನದ ಶ್ರೀಪಾದರಾಜರ ವೃಂದಾವನವಿದೆ. ನರಸಿಂಹನ ಅವತರಣವನ್ನು ಕನ್ನಡದ ದಂಡಕವೊಂದರಲ್ಲಿ ವರ್ಣಿಸಿದವರು ಇವರೇ. ಹೀಗೆ ಕನ್ನಡದ ಸಿಂಹಮುಖ ಮತ್ತು ತಮಿಳಿನ ವ್ಯಾಘ್ರಪಾದ ಎಂಬ ಎರಡು ದೇಹಕಲ್ಪನೆಗಳನ್ನು ಒಟ್ಟಿಗೆ ಇಟ್ಟು ನೋಡಲು ಈ ಸೀಮೆ ಸಹಜವಾದ ನೆಲೆಯಾಗಿದೆ.

ಮೊದಲು ನರಸಿಂಹನ ದೇಹ. ಹಿರಣ್ಯಕಶಿಪು ಪಡೆದ ವರದ ಪ್ರಕಾರ ಅವನನ್ನು ಮನುಷ್ಯನಾಗಲಿ ಮೃಗವಾಗಲಿ, ಆಯುಧದಿಂದ ಕೊಲ್ಲುವಂತಿಲ್ಲ. ಆದುದರಿಂದ ಈ ದೇಹ ಪ್ರಕೃತಿಯಿಂದ ಹುಟ್ಟಿದ್ದಲ್ಲ, ಒಂದು ಕರಾರಿನ ಸಂದಿಯಿಂದ ಹುಟ್ಟಿದ್ದು. ಹೊಸ್ತಿಲು, ಸಂಧ್ಯಾಕಾಲ, ತೊಡೆ ಇವು ಹೇಗೆ ‘ಇದೂ ಅಲ್ಲ, ಅದೂ ಅಲ್ಲ’ವೋ ಹಾಗೆಯೇ ದೇಹವೂ. ಶಿಲ್ಪಿ ಬೆಸುಗೆಯನ್ನು ಕೊರಳಿನಲ್ಲಿ ಇರಿಸುತ್ತಾನೆ. ಮೇಲೆ ಸಿಂಹದ ಶಿರ, ಕೆಳಗೆ ಮನುಷ್ಯನ ಎದೆ, ತೋಳು, ಕಾಲು. 578ರ ಬಾದಾಮಿಯ ಮೂರನೆಯ ಗುಹೆಯಲ್ಲಿ ನೆಟ್ಟಗೆ ನಿಂತ ನಾಲ್ಕು ತೋಳುಗಳ ನರಸಿಂಹನಲ್ಲಿಯೂ ಬೆಸುಗೆ ಇದೇ ಜಾಗದಲ್ಲಿದೆ.

ಇದು ಕೇವಲ ರೂಢಿಯಲ್ಲ, ಅದರ ಹಿಂದೆ ಅಂಗರಚನೆಯ ಅನಿವಾರ್ಯತೆಯೂ ಇದೆ. ಶಂಖಚಕ್ರಗಳನ್ನು ಹಿಡಿಯಲು ಬೆರಳುಗಳಿಗೆ ಎದುರಾಗಿ ಮಡಿಸಬಲ್ಲ ಹೆಬ್ಬೆರಳು ಬೇಕು. ಸಿಂಹದ ಪಂಜಕ್ಕೆ ಅದಿಲ್ಲ. ಮಾರ್ಜಾಲಗಳು ಹಿಮ್ಮಡಿಯನ್ನು ನೆಲದಿಂದ ಎತ್ತಿ ಬೆರಳುಗಳ ಮೇಲೆ ನಡೆಯುವ ಪ್ರಾಣಿಗಳು. ಯೋಗಾಸನದಲ್ಲಿ ಕಾಲು ಹೆಣೆದು ಮೊಣಕಾಲೆತ್ತಿ ಕೂರುವುದು ಅವುಗಳ ಕೀಲುಗಳಿಗೆ ಒಗ್ಗದು. ಯೋಗನರಸಿಂಹನ ಕಲ್ಪನೆಯೇ ಮನುಷ್ಯನ ಸೊಂಟ ಮತ್ತು ಮೊಣಕಾಲುಗಳನ್ನು ಬೇಡುತ್ತದೆ. ಕೊರಳ ಕೆಳಗೆ ಉಳಿಯುವ ಸಿಂಹದ ಅಂಶವೆಂದರೆ ಉಗುರು ಒಂದೇ. ಅದು ಆಯುಧವಲ್ಲವಾದ್ದರಿಂದ ವರದ ಸಂದಿಯಲ್ಲಿ ನುಸುಳಬಲ್ಲದು.

ಮುಖದ ವಿಷಯದಲ್ಲಿಯೂ ಒಂದು ಮಾತು ಅಗತ್ಯ. ಏಷ್ಯಾದ ಸಿಂಹದ ಐತಿಹಾಸಿಕ ವ್ಯಾಪ್ತಿ ಸಾಮಾನ್ಯವಾಗಿ ನರ್ಮದೆಯ ಉತ್ತರಕ್ಕೆ ನಿಲ್ಲುತ್ತದೆ. ಕನ್ನಡ ನಾಡಿನ ಕಾಡಿನಲ್ಲಿದ್ದುದು ಹುಲಿ. ಆದ್ದರಿಂದ ಇಲ್ಲಿಯ ಶಿಲ್ಪಿಗೆ ಸಿಂಹವು ಕಾಡಿಗಿಂತ ಹೆಚ್ಚಾಗಿ ಪರಂಪರೆಯಿಂದ ಬಂದದ್ದು. ಉಬ್ಬಿದ ದುಂಡುಗಣ್ಣು, ತೆರೆದ ಬಾಯಿ, ಕೋರೆಹಲ್ಲು ಇವು ಹುಲಿಗೂ ಸಲ್ಲುವಂಥವು. ಸಿಂಹತ್ವವನ್ನು ಹೊತ್ತಿರುವ ಲಕ್ಷಣ ಕೇಸರವೊಂದೇ. ಸುರುಳಿಸುರುಳಿಯಾದ ಆ ಕೇಸರವೇ ಕೊರಳ ಬೆಸುಗೆಯನ್ನು ಮುಚ್ಚುತ್ತದೆ ಎಂಬುದು ಗಮನಾರ್ಹ. ಎರಡು ದೇಹಗಳು ಕೂಡುವ ಗೆರೆಯನ್ನು ಮರೆಮಾಡುವ ಅಂಗವೇ ಮೃಗದ ಗುರುತೂ ಆಗಿದೆ.

ಬೆಸುಗೆಯನ್ನು ಬಿಟ್ಟು ಮುಖವನ್ನಷ್ಟೇ ಓದಿದರೆ ಆಗುವ ಪ್ರಮಾದಕ್ಕೆ ಹಂಪಿಯ ಏಕಶಿಲಾ ಮೂರ್ತಿಯೇ ನಿದರ್ಶನ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ನಿರ್ಮಿತವಾದ ಸುಮಾರು 6.7 ಮೀಟರ್ ಎತ್ತರದ ಈ ವಿಗ್ರಹ ‘ಉಗ್ರನರಸಿಂಹ’ ಎಂದೇ ಪ್ರಸಿದ್ಧ. ವಾಸ್ತವವಾಗಿ ಇದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿಯ ಮೂರ್ತಿ ಭಗ್ನವಾಗಿ ಹೋಗಿದೆ. ದೇವನ ಬೆನ್ನನ್ನು ಬಳಸಿದ ಅವಳ ಕೈ ಮಾತ್ರ ಉಳಿದಿದೆ. ಮೊಣಕಾಲುಗಳನ್ನು ಹಿಡಿದಿರುವ ಕಲ್ಲಿನ ಪಟ್ಟಿ ಇತ್ತೀಚಿನ ಜೀರ್ಣೋದ್ಧಾರದ್ದು. ಮೃಗದ ಮುಖಕ್ಕೆ ಮನುಷ್ಯನ ಭಾವವನ್ನು ಆರೋಪಿಸಿದ ನೋಟಕ್ಕೆ ಅಗಲವಾದ ಬಾಯಿ ಕೋಪವಾಗಿ ಕಂಡಿತು. ಆದರೆ ಈ ಮೂರ್ತಿಯ ಭಾವವನ್ನು ಹೇಳುತ್ತಿರುವುದು ಕೊರಳ ಕೆಳಗಿನ ಮನುಷ್ಯದೇಹ: ಕುಳಿತ ಭಂಗಿ, ಪತ್ನಿಗೆ ಕೊಟ್ಟ ತೊಡೆ, ಬೆನ್ನ ಮೇಲಿನ ಕೈ. ಒಡೆದದ್ದು ಶಿಲೆ ಮಾತ್ರವಲ್ಲ. ಹೆಸರಿನೊಂದಿಗೆ ಅರ್ಥವೂ ಮುಕ್ಕಾಗಿದೆ.

ವ್ಯಾಘ್ರಪಾದನಲ್ಲಿ ಬೆಸುಗೆ ದೇಹದ ಇನ್ನೊಂದು ತುದಿಗೆ ಇಳಿಯುತ್ತದೆ. ಹುಲಿಯೂರು ಎಂಬ ಅರ್ಥದ ‘ಪುಲಿಯೂರ್’ ಎಂಬ ಹೆಸರೂ ಇದ್ದ ಚಿದಂಬರದ ಪರಂಪರೆಯಲ್ಲಿ ಈ ಋಷಿ ಪತಂಜಲಿಯೊಂದಿಗೆ ನಟರಾಜನ ನೃತ್ಯವನ್ನು ಕಂಡವನು. ದುಂಬಿ ಮುಟ್ಟುವ ಮೊದಲೇ ಶಿವಪೂಜೆಗೆ ಹೂ ಬಿಡಿಸಬೇಕೆಂದು, ಇಬ್ಬನಿಗೆ ಜಾರುವ ಮರವನ್ನು ಕತ್ತಲಲ್ಲಿ ಏರಲು ಅವನು ಹುಲಿಯ ಪಾದಗಳನ್ನು ಬೇಡಿ ಪಡೆದನೆಂಬುದು ಕಥೆ. ಕತ್ತಲಲ್ಲಿ ಕಾಣುವ ಕಣ್ಣುಗಳನ್ನೂ ಪಡೆದನೆಂದು ಹೇಳುವುದುಂಟು. ಈ ಕಲ್ಪನೆಯ ಹಿಂದಿನ ಪ್ರಾಣಿಜ್ಞಾನ ಸೂಕ್ಷ್ಮವಾದುದು. ತೊಗಟೆಗೆ ಕಚ್ಚಿಕೊಳ್ಳುವ ಉಗುರು, ಅಲ್ಪ ಬೆಳಕನ್ನೂ ಹಿಂದಿರುಗಿಸಿ ಬಳಸುವ ಕಣ್ಣಿನ ಒಳಪದರ ಇವೆರಡೂ ಮಾರ್ಜಾಲಗಳಿಗೆ ಇರುವ ಗುಣಗಳೇ. ಆದರೆ ಬೇಟೆಯ ಅಂಗಗಳು ಇಲ್ಲಿ ಹೂವಿನ ಕೆಲಸಕ್ಕೆ ಬಂದಿವೆ. ನರಸಿಂಹನಲ್ಲಿ ಉಗುರು ಸೀಳುತ್ತದೆ, ವ್ಯಾಘ್ರಪಾದನಲ್ಲಿ ಅದೇ ಉಗುರು ಏರಲು ನೆರವಾಗುತ್ತದೆ. ಶಿರ ಮನುಷ್ಯನದಾಗಿಯೇ ಉಳಿಯುವುದರಿಂದ ಭಕ್ತನ ಸಂಕಲ್ಪ ಮೃಗಕ್ಕೆ ವಶವಾಗುವುದಿಲ್ಲ.

ಪುರುಷಾಮೃಗದಲ್ಲಿ ನರಸಿಂಹನ ಕ್ರಮ ತಲೆಕೆಳಗಾಗುತ್ತದೆ: ಮನುಷ್ಯನ ಮುಖ, ಮೃಗದ ಒಡಲು. ವೇಗವೇ ಅದರ ಗುಣವಾದುದರಿಂದ ಕಾಲುಗಳು ಮೃಗದವು. ಭೀಮನು ಅದನ್ನು ಕರೆತರುವ ಕಥೆಯಲ್ಲಿ ಗಡಿಯನ್ನು ಅರ್ಧ ದಾಟಿದ ಭೀಮನ ಅರ್ಧದೇಹ ಯಾರಿಗೆ ಸಲ್ಲಬೇಕೆಂಬ ನ್ಯಾಯ ಧರ್ಮರಾಯನ ಮುಂದೆ ಬರುತ್ತದೆ. ದೇಹದ ‘ಅರ್ಧ’ವೆಂಬುದೇ ಇಲ್ಲಿ ತೀರ್ಪಿನ ವಸ್ತು. ಇನ್ನು ಕರಾವಳಿಯ ಹುಲಿವೇಷದಲ್ಲಿ ಬೆಸುಗೆ ಕೊರಳಲ್ಲಿಯೂ ಇಲ್ಲ, ಪಾದದಲ್ಲಿಯೂ ಇಲ್ಲ. ಅದು ಇಡೀ ಚರ್ಮಕ್ಕೆ ಹರಡಿದೆ. ಬಣ್ಣ, ಪಟ್ಟೆ, ಬಾಲಗಳ ಕೆಳಗೆ ಒಂದು ಅಂಗವೂ ಬದಲಾಗಿಲ್ಲ. ಹಬ್ಬ ಮುಗಿದು ಬಣ್ಣ ತೊಳೆದೊಡನೆ ಮೃಗವೂ ಕಳಚುತ್ತದೆ.

ಆಧುನಿಕ ಕಲ್ಪನಾಸಾಹಿತ್ಯದೊಂದಿಗಿನ ಹೋಲಿಕೆ ಈ ಪರಂಪರೆಯ ವೈಶಿಷ್ಟ್ಯವನ್ನು ಸ್ಪಷ್ಟಪಡಿಸುತ್ತದೆ. ಅಮೆರಿಕದ ಲೇಖಕ ಲ್ಯಾರಿ ನಿವೆನ್ 1966ರಿಂದ ಚಿತ್ರಿಸಿದ ಕ್ಜಿನ್ ಜನಾಂಗ, ಸಿ. ಜೆ. ಚೆರ್ರಿ 1980ರ ದಶಕದ ಚಾನುರ್ ಕಾದಂಬರಿಗಳಲ್ಲಿ ಕಟ್ಟಿದ ಹಾನಿ ಜನಾಂಗ ಇವು ಮಾರ್ಜಾಲರೂಪದ ಸಮಾಜಗಳು. ಅಲ್ಲಿ ದೇಹರಚನೆಯಿಂದ ಕುಲ, ಕುಟುಂಬ, ಯುದ್ಧನೀತಿಗಳು ಹುಟ್ಟುತ್ತವೆ. ಹಾನಿಗಳ ಬದುಕಿನಲ್ಲಿ ಸಿಂಹಗಳ ಗುಂಪಿನ ನೆರಳಿದೆ. ನಮ್ಮ ಮಿಶ್ರದೇಹಗಳು ಕುಲವನ್ನು ಕಟ್ಟುವುದಿಲ್ಲ. ನರಸಿಂಹರ ನಾಡೆಂಬುದಿಲ್ಲ, ವ್ಯಾಘ್ರಪಾದನ ಮಗನೆನಿಸಿದ ಉಪಮನ್ಯು ಹುಲಿಯ ಪಾದಗಳಿಲ್ಲದ ಋಷಿಕುಮಾರ. ಅಲ್ಲಿ ದೇಹವು ಜಾತಿಯ ಲಕ್ಷಣ, ಇಲ್ಲಿ ಅದು ಒಂದು ಪ್ರಯೋಜನಕ್ಕಾಗಿ ದೊರೆತ ಉತ್ತರ. ಪ್ರಯೋಜನ ಬದಲಾದಂತೆ ಬೆಸುಗೆ ಸ್ಥಳ ಬದಲಿಸುತ್ತದೆ.

ಆದಕಾರಣ ಮಿಶ್ರದೇಹದ ಶಿಲ್ಪ, ಕಥೆ, ವೇಷಗಳನ್ನು ದಾಖಲಿಸುವವರು ಮೂರು ಸಂಗತಿಗಳನ್ನು ಗಮನಿಸಬೇಕು: ಬೆಸುಗೆ ಇರುವ ಸ್ಥಾನ, ಮೃಗದಿಂದ ಎರವಲು ಪಡೆದ ಶಕ್ತಿ, ಮನುಷ್ಯನಲ್ಲಿ ಉಳಿಸಿಕೊಂಡ ಅಂಗ. ಕನ್ನಡ ಪಠ್ಯಗಳಿಗಷ್ಟೇ ಸೀಮಿತವಾದ ಅಧ್ಯಯನಕ್ಕೆ ಕೋಲಾರದಂತಹ ಜಿಲ್ಲೆಯಲ್ಲಿ ಸಿಂಹಮುಖ ಮಾತ್ರ ಕಾಣುತ್ತದೆ, ವ್ಯಾಘ್ರಪಾದ ಕಾಣದೆ ಉಳಿಯುತ್ತದೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ನಂತರ ಚಾಂಪಿಯನ್ ರೀಫ್ಸ್‌ನ ಜನ ದುಡಿಮೆಗಾಗಿ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವುದು ವಾಡಿಕೆಯಾಯಿತು. ಊರು ಬಿಟ್ಟವರೂ ಉಂಟು. ಅಜ್ಜಅಜ್ಜಿಯರಿಂದ ಮೊಮ್ಮಕ್ಕಳಿಗೆ ಕಥೆ ದಾಟುವ ಬಿಡುವು ಇಂಥ ಬದುಕಿನಲ್ಲಿ ಕಿರಿದಾಗುತ್ತದೆ. ಹಂಪಿಯಲ್ಲಿ ಲಕ್ಷ್ಮಿಯ ಕೈಯೊಂದು ಉಳಿದಿದ್ದರಿಂದ ಮೂರ್ತಿಯ ನಿಜವಾದ ಹೆಸರನ್ನು ಹೇಳುವುದು ಸಾಧ್ಯವಾಯಿತು. ಬಾಯಿಂದ ಬಾಯಿಗೆ ಬಂದ ಕಥೆಗೆ ಅಂಥ ಕಲ್ಲಿನ ಸಾಕ್ಷಿ ಇರುವುದಿಲ್ಲ. ಆದುದರಿಂದ ಈ ಸೀಮೆಯ ಎರಡೂ ಭಾಷೆಗಳ ನಿರೂಪಣೆಗಳನ್ನು ಜೊತೆಯಾಗಿ ಸಂಗ್ರಹಿಸುವ ಕಾರ್ಯಕ್ಕೆ ಸಂಶೋಧಕರು ವಿಳಂಬವಿಲ್ಲದೆ ತೊಡಗಬೇಕಾಗಿದೆ.